ಗುಡ್ಡದ ಹಿಂದಿನ ಅಳಿಯ

ಮೇಜಿನ ಮೇಲಿನ ಯುದ್ಧದಲ್ಲಿ ರಾಕ್ಷಸನನ್ನು ಆಡಿಸುವುದು ಹೇಗೆಂದು ಈ ಊರಿಗೆ ಕಲಿಸಿಕೊಟ್ಟವನು ನಾನು. ಬೇರೆ ಯಾರಾದರೂ ತಾನೆಂದರೆ ನಂಬಬೇಡಿ. ನನ್ನ ಮೂರು ತಲೆಯ ಹಾವು ಗುಡ್ಡದ ಸಂದಿಯಿಂದ ಮೂಗು ಹೊರಗಿಟ್ಟಿತೆಂದರೆ ಎದುರಿನ ಸೀಸದ ಸಿಪಾಯಿಗಳ ಮೀಸೆ ತಾನಾಗಿ ಉದುರುತ್ತಿತ್ತು. ಒಮ್ಮೆಯಂತೂ ಒಂದು ಇಡೀ ದಂಡು, ಯಾರೂ ಮುಟ್ಟದೆ, ಹೆದರಿ ಮೇಜಿನಿಂದ ಕೆಳಗೆ ಹಾರಿಕೊಂಡಿತು. ಆ ದಿನ ಮೇಜಿನ ಒಂದು ಕಾಲು ಕುಂಟಾಗಿತ್ತು ಎನ್ನುವವರಿದ್ದಾರೆ, ಹೊಟ್ಟೆಕಿಚ್ಚಿಗೆ ಮದ್ದಿಲ್ಲ. ನಾನು ಆಡುವುದನ್ನು ನೋಡಲು ಎರಡು ಕಣ್ಣು ಸಾಲದು ಎಂದು ಜನ ಹೇಳುತ್ತಿದ್ದರು. ಜನ ಎಂದರೆ ಮುಖ್ಯವಾಗಿ ನಾನು.

ತಡಿಯಣ್ಣನಿಗೆ ಈ ವಿದ್ಯೆ ಕಲಿಸಿದವನೂ ನಾನೇ ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ಅವನ ವಿಷಯ ಹೇಳಬೇಕೆಂದೇ ಇಷ್ಟು ಪೀಠಿಕೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನನ್ನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ ಎರಡು ಹಳೇ ಬಾಗಿಲುಗಳನ್ನು ಜೋಡಿಸಿ ಮೇಜು ಮಾಡಿದ್ದೇವೆ. ಮೇಲೆ ಥರ್ಮಾಕೋಲಿನ ಗುಡ್ಡ, ಹಸಿರು ಬಣ್ಣ ಹಾಕಿದ ಮರದ ಹೊಟ್ಟಿನ ಹುಲ್ಲು, ಒಡೆದ ಗಾಜಿನ ಹೊಳೆ, ಹೊಳೆಗೊಂದು ಸೇತುವೆ. ಭಾನುವಾರ ಮಧ್ಯಾಹ್ನ ನಾಲ್ಕು ಜನ ಸೇರಿ ಕಿರುಬೆರಳಿನೆತ್ತರದ ಸೈನ್ಯಗಳನ್ನು ಎದುರುಬದುರು ನಿಲ್ಲಿಸುತ್ತೇವೆ. ಟೇಪು ಹಿಡಿದು ಅಳೆದು ನಡೆಸಬೇಕು, ದಾಳ ಉರುಳಿಸಿ ಹೊಡೆಯಬೇಕು. ಆಟ ಮುಗಿಯುವ ಹೊತ್ತಿಗೆ ಸೇತುವೆ ಯಾರ ಕೈಯಲ್ಲಿದೆಯೋ ಅವರು ಗೆದ್ದಂತೆ. ಸೈನ್ಯ ಕಟ್ಟಿಕೊಳ್ಳಲು ಎದುರಾಳಿಗಳಿಬ್ಬರಿಗೂ ಅಂಕಗಳು ಸಮ. ಸಿಪಾಯಿಗೆ ಇಷ್ಟು ಅಂಕ, ಕುದುರೆಗೆ ಇಷ್ಟು ಅಂಕ ಎಂದಿರುತ್ತದೆ. ಒಂದು ದೊಡ್ಡ ರಾಕ್ಷಸನನ್ನು ಇಟ್ಟುಕೊಂಡರೆ ಅದೊಂದೇ ಮೂರನೇ ಒಂದು ಪಾಲು ನುಂಗಿಬಿಡುತ್ತದೆ. ಇನ್ನು ನಮ್ಮ ಕೋಣೆಯದೇ ಒಂದು ಕಟ್ಟಳೆ: ಸತ್ತ ಗೊಂಬೆಯನ್ನು ಅದರ ಒಡೆಯನೇ ತನ್ನ ಕೈಯಿಂದ ಎತ್ತಿ ಪೆಟ್ಟಿಗೆಯಲ್ಲಿ ಮಲಗಿಸಬೇಕು. ಬೇರೆಯವರು ಮುಟ್ಟುವಂತಿಲ್ಲ.

ತಡಿಯಣ್ಣನ ಕಸುಬು ಹಲ್ಲಿನ ಸೆಟ್ಟು ಮಾಡುವುದು. ದಂತವೈದ್ಯರು ಕಳಿಸಿದ ಬಾಯಿಯ ಅಚ್ಚಿಗೆ ಮೇಣ ಕೂರಿಸಿ, ಹಲ್ಲು ಜೋಡಿಸಿ, ಒಸಡಿಗೆಂದು ಗುಲಾಬಿ ಪುಡಿಯನ್ನು ಹಿಟ್ಟಿನ ಹಾಗೆ ಕಲಸಿ, ಹಿತ್ತಾಳೆ ಡಬ್ಬಿಯಲ್ಲಿ ತುಂಬಿ, ತಿರುಪು ಬಿಗಿದು ನೀರಿನಲ್ಲಿ ಬೇಯಿಸುತ್ತಾನೆ. ಗುಟ್ಟೆಲ್ಲ ಆ ಬೇಯಿಸುವುದರಲ್ಲಿದೆ. ಅವಸರಪಟ್ಟು ಉರಿ ಹೆಚ್ಚಿಸಿದರೆ ಒಸಡಿನ ಒಳಗೆ ಗುಳ್ಳೆ ಏಳುತ್ತದೆ, ಮಾಡಿದ್ದೆಲ್ಲ ಕಸದ ಬುಟ್ಟಿಗೆ. ಹಾಗಾಗಿ ಹಗಲೆಲ್ಲ ಅವನ ಬಾಯಲ್ಲಿ ಒಂದೇ ಮಾತು: ತಡಿ. ಡಬ್ಬಿಗೆ ತಡಿ, ವೈದ್ಯರಿಗೆ ತಡೀರಿ, ಬೊಚ್ಚುಬಾಯಿಯಲ್ಲಿ ಕಾದು ಕೂತ ಅಜ್ಜಿಯರಿಗೆ ತಡಿಯಮ್ಮ. ಅವನು ಹುಟ್ಟುವಾಗಲೇ ಸೂಲಗಿತ್ತಿಗೆ ತಡಿ ಎಂದನಂತೆ, ಆಕೆ ಕಾದು ಬೇಸತ್ತು ಮನೆಗೆ ಹೋಗಿ ಊಟ ಮಾಡಿ ಬಂದಳಂತೆ. ಮದುವೆಯ ಮಾತು ಬಂದಾಗಲೂ ತಡೀರಿ, ಯೋಚಿಸಿ ಹೇಳ್ತೀನಿ ಎಂದ; ಯೋಚಿಸಿ ಮುಗಿಸುವ ಹೊತ್ತಿಗೆ ಆ ಹೆಣ್ಣಿನ ಮಗನಿಗೆ ಮೀಸೆ ಬಂದಿತ್ತು. ಅವನ ಹೆತ್ತವರಿಟ್ಟ ಹೆಸರು ಏನೋ ಇದೆ. ಅದನ್ನು ಕೇಳಿದರೂ ತಡಿ ಎಂದಾನೆಂದು ನಾವು ಕೇಳಲಿಲ್ಲ.

ಅವನನ್ನು ಸಾಕಿದ್ದು ಅವನ ಅಕ್ಕ. ತಾಯಿ ಬೇಗ ಹೋದರು. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಆಕೆ ದೊಡ್ಡವರಾದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಆದರೂ ಬೀದಿಗೆಲ್ಲ ಅವರು ಅಕ್ಕ. ತಮ್ಮ ಹಲ್ಲು ಕೂರಿಸಿದರೆ ಅಕ್ಕ ಅದಕ್ಕೆ ಬಣ್ಣ ಕೊಡುವರು. ಕಾರ್ಖಾನೆ ಎಂದರೆ ಅವರ ಮನೆಯ ಮುಂದಿನ ಕೋಣೆಯೇ. ಅದರ ಕಿಟಕಿಯ ಪಕ್ಕ ಅವರ ಮೊಣಕಾಲೆತ್ತರದ ಕುರ್ಚಿ. ಗಿರಾಕಿಯ ಬಾಯಲ್ಲಿ ಉಳಿದ ಒಂದೋ ಎರಡೋ ಹಲ್ಲನ್ನು ಹಗಲು ಬೆಳಕಿನಲ್ಲಿ ನೋಡಿ, ಹೊಸ ಹಲ್ಲಿಗೆ ಅದೇ ಬಣ್ಣ ತರಬೇಕು. "ಬಿಳೀ ಹಲ್ಲು ಅನ್ನೋದನ್ನ ದೇವರು ಇನ್ನೂ ಮಾಡಿಲ್ಲ" ಎನ್ನುತ್ತಿದ್ದರು ಅಕ್ಕ. ಒಂದರಲ್ಲಿ ಬೂದಿ ಛಾಯೆ, ಒಂದರಲ್ಲಿ ಜೇನು, ಬುಡದಲ್ಲಿ ಟೀ ಕಲೆಯ ನೆರಳು. ಅವರು ಬಣ್ಣ ಕೊಟ್ಟ ಹಲ್ಲು ಹಾಕಿಕೊಂಡು ನಕ್ಕರೆ ಯಾವುದು ಹೆತ್ತಮ್ಮನದು, ಯಾವುದು ಅಕ್ಕನದು ಎಂದು ಕಟ್ಟಿಕೊಂಡವಳಿಗೂ ತಿಳಿಯುತ್ತಿರಲಿಲ್ಲ.

ಮಿಕ್ಕ ಗುಲಾಬಿ ಹಿಟ್ಟಿನಿಂದ ತಡಿಯಣ್ಣ ಆ ಮೃಗವನ್ನು ಮಾಡಿದ. ಕಾಡೆಮ್ಮೆಯ ಭುಜ, ಉಡದ ಚರ್ಮ, ಬಾಗಿದ ಎರಡು ಕೊಂಬು. ಒಂದೊಂದು ಹುರುಪೆಯನ್ನೂ ಒಸಡು ತಿದ್ದುವ ಅರದಿಂದ ತಿದ್ದಿದ್ದ. ಅದಕ್ಕೆ ಅಕ್ಕ ಬಣ್ಣ ಹಾಕಿದರು. ಬೆನ್ನು ಮಳೆ ಮೋಡದ ಹಾಗೆ, ಹೊಟ್ಟೆಗೆ ಬರುತ್ತ ತಾಮ್ರದ ಹಾಗೆ. ಯಾವ ಹುರುಪೆಯೂ ಪಕ್ಕದ್ದರ ಬಣ್ಣವಲ್ಲ. ಬಾಯೊಳಗೆ ಇಣುಕಿದರೆ ಹಲ್ಲುಗಳಿಗೆ ಅದೇ ಬೂದಿ, ಅದೇ ಜೇನು, ಕೋರೆಹಲ್ಲಿನ ಬುಡದಲ್ಲಿ ಟೀ ಕಲೆ. ಮೇಜಿನ ಮೇಲೆ ಅದನ್ನಿಟ್ಟ ದಿನ ನನ್ನ ಮೂರು ತಲೆಯ ಹಾವು ಮೂರೂ ತಲೆ ತಗ್ಗಿಸಿತು, ಇದು ಉತ್ಪ್ರೇಕ್ಷೆಯಲ್ಲ.

ಆದರೆ ತಡಿಯಣ್ಣ ಅದನ್ನು ಕಾದಾಡಿಸಲಿಲ್ಲ. ಗುಡ್ಡದ ಹಿಂದೆ ನಿಲ್ಲಿಸುವನು, ಆಟ ಮುಗಿಯುವವರೆಗೂ ಅದು ಅಲ್ಲೇ. ಮೂರನೇ ಒಂದು ಪಾಲು ಸೈನ್ಯ ಗುಡ್ಡದ ಹಿಂದೆ ಗೊರಕೆ ಹೊಡೆಯುತ್ತಿದ್ದರೆ ಉಳಿದವರು ಏನು ಮಾಡಿಯಾರು? ಪ್ರತಿ ಭಾನುವಾರ ಸೋಲು. ನಮ್ಮಲ್ಲಿ ಅತಿ ಚುರುಕಾಗಿ ಆಡುವವನು ಬೇಕರಿಯವನು. ನಾಲಿಗೆಯೂ ಅಷ್ಟೇ ಚುರುಕು. ಮೃಗಕ್ಕೆ 'ಅಳಿಯ' ಎಂದು ಹೆಸರಿಟ್ಟವನು ಅವನೇ.

"ಮನೆ ಅಳಿಯ ಅಂದ್ರೆ ಹೀಗಿರ್ಬೇಕು ನೋಡಿ. ಉಣ್ಣೋದು ಮೂವರ ಪಾಲು, ಕೂರೋದು ಒಳಕೋಣೇಲಿ" ಎಂದ.

"ತಡಿ, ತಡಿ. ಸಮಯ ಬರಲಿ" ಎಂದ ತಡಿಯಣ್ಣ.

"ಬರುತ್ತೆ ಬಿಡಪ್ಪ. ಅಷ್ಟರಲ್ಲಿ ಇವರು ಮಾವನ ಆಸ್ತೀಲಿ ಪಾಲು ಕೇಳದಿದ್ರೆ ಸಾಕು."

ನಾನು ತಡಿಯಣ್ಣನನ್ನು ಪಕ್ಕಕ್ಕೆ ಕರೆದು ಪಾಠ ಹೇಳಿದೆ. ರಾಕ್ಷಸನನ್ನು ಒಂಟಿಯಾಗಿ ನುಗ್ಗಿಸಬೇಡ, ಊರಿನ ಬಾಣವೆಲ್ಲ ಅದರ ಮೈಗೇ ಬರುತ್ತದೆ. ಈಟಿ ಹಿಡಿದ ಅಗ್ಗದ ಗುಂಪಿನ ಮೇಲೂ ಬಿಡಬೇಡ. ಅವರು ಜಿಗಣೆಗಳ ಹಾಗೆ ಅಂಟಿಕೊಂಡರೆ ಸಂಜೆಯಾದರೂ ಬಿಡಿಸಿಕೊಳ್ಳಲಾಗದು. ಪಕ್ಕದಲ್ಲಿ ಕಾಲಾಳುಗಳನ್ನು ನಡೆಸು, ಎದುರಾಳಿ ತೆಳ್ಳಗಿರುವ ಕಡೆಯಿಂದ ಪಕ್ಕೆಗೆ ಹೊಡೆ. ಇಷ್ಟನ್ನೂ ಅವನು ಡಬ್ಬಿಯ ನೀರು ನೋಡುವಷ್ಟು ಗಮನವಿಟ್ಟು ಕೇಳಿದ. ಮುಂದಿನ ಭಾನುವಾರ ಅಳಿಯ ಮತ್ತೆ ಗುಡ್ಡದ ಹಿಂದೆ.

"ಏನಯ್ಯ ನಿನ್ನ ತೊಂದರೆ?" ಎಂದು ಕೇಳಿದೆ.

"ಅಣ್ಣಾ, ಸತ್ತರೆ ಎತ್ತಿ ಪೆಟ್ಟಿಗೇಲಿ ಹಾಕ್ಬೇಕು. ಸಾಲು ಸಾಲು ಗೊಂಬೆ ಮಧ್ಯದಿಂದ ಎತ್ತುವಾಗ ಎಲ್ಲಾದ್ರೂ ತಗುಲಿ ಒಂದು ಹುರುಪೆ ಹೋದ್ರೆ? ಅಕ್ಕ ಎಷ್ಟು ಕಷ್ಟಪಟ್ಟು ಬಣ್ಣ ಹಾಕಿದಾಳೆ."

"ಹೋದ್ರೆ ಅಕ್ಕನೇ ಇನ್ನೊಂದ್ಸಲ ಹಚ್ತಾರೆ."

ತಡಿಯಣ್ಣ ಟೇಪನ್ನು ಎಳೆದು ಬಿಟ್ಟ, ಎಳೆದು ಬಿಟ್ಟ. ಆಮೇಲೆ ಹೇಳಿದ. ಒಬ್ಬ ಮೇಷ್ಟರ ಮುಂದಿನ ಹಲ್ಲು ವಾಪಸು ಬಂದಿತ್ತಂತೆ. ಅಕ್ಕ ಅದಕ್ಕೆ ಹಸಿರು ಛಾಯೆ ಕೊಟ್ಟಿದ್ದರು. ಅಕ್ಕ ಹಲ್ಲನ್ನು ಕಿಟಕಿಯ ಬಳಿ ಹಿಡಿದು ಹಿಂದೆ ಮುಂದೆ ತಿರುಗಿಸಿ, "ನನಗೆ ಇದು ಸರಿಯಾಗೇ ಕಾಣ್ತಿದೆ ಪುಟ್ಟ" ಎಂದರಂತೆ. ಕಣ್ಣಿನ ವೈದ್ಯರಲ್ಲಿಗೆ ಹೋದರು. ಕಣ್ಣಿನ ನಡುಭಾಗ ಸವೆಯುತ್ತಿದೆ, ಎರಡೂ ಕಣ್ಣಿನದು. ಔಷಧಿ ಹಾಕಿದರೆ ನಿಧಾನವಾದೀತು, ನಿಲ್ಲುವುದಿಲ್ಲ, ಹೋದದ್ದು ಬರುವುದಿಲ್ಲ ಎಂದರು. ಎಷ್ಟು ದಿನ ಎಂದು ಕೇಳಿದ್ದಕ್ಕೆ ವೈದ್ಯರು ಅಂಗೈ ತಿರುಗಿಸಿದರಂತೆ.

ನನಗೆ ಎಲ್ಲದಕ್ಕೂ ಒಂದು ತಮಾಷೆ ಸಿಗುತ್ತದೆ. ಅವತ್ತು ಹುಡುಕಿದೆ, ಸಿಗಲಿಲ್ಲ.

ಮುಂದಿನ ಭಾನುವಾರ ತಮ್ಮನ ತೋಳು ಹಿಡಿದುಕೊಂಡು ಅಕ್ಕ ನಮ್ಮ ಹಿಂದಿನ ಕೋಣೆಗೆ ಬಂದರು. ಮೇಜಿನ ಬದಿಗೆ ಸ್ಟೂಲು ಹಾಕಿಸಿಕೊಂಡು ಕೂತರು. ಅವರು ಆಟದ ಕೋಣೆಗೆ ಕಾಲಿಟ್ಟಿದ್ದು ಅದೇ ಮೊದಲು.

"ನಾನು ಬಣ್ಣ ಹಚ್ಚಿದ ಹಲ್ಲೆಲ್ಲ ಯಾರ್ಯಾರೋ ಬಾಯಲ್ಲಿ ಅಗೀತಾ ಇವೆ" ಎಂದರು ನನಗೆ. "ಇದೊಂದೇ ಅಗಿಯೋದನ್ನ ನಾನು ನೋಡಿಲ್ಲ. ಕಣ್ಣಿರುವಾಗ ಒಂದ್ಸಲ ನೋಡಿಬಿಡ್ತೀನಿ. ಸೋಲಲಿ, ಗೆಲ್ಲಲಿ, ಅದು ಹೊರಗೆ ಬಂದು ಒಂದು ಕಾದಾಟ ಮಾಡ್ಬೇಕು. ಅಷ್ಟೇ ನನ್ನಾಸೆ."

ಇಷ್ಟು ಸಣ್ಣ ಆಸೆ. ಟೇಪು ಹಿಡಿದು ಗುಡ್ಡದಿಂದ ಒಂದು ಗೇಣು ಈಚೆಗೆ ತಂದಿಟ್ಟರೆ ಮುಗಿಯಿತು. ತಡಿಯಣ್ಣ ಆವತ್ತು ಎರಡು ಸಲ ಅಳಿಯನ ಕೊಂಬಿನ ತನಕ ಕೈ ಒಯ್ದ. ಎರಡು ಸಲವೂ ಕೈ ವಾಪಸು ಬಂತು.

"ಯಾಕೋ ಪುಟ್ಟ, ಅದು ಅಲ್ಲೇ ಕೂತಿದೆ?"

"ತಡಿ ಅಕ್ಕ. ಎದುರಿನವನ ಬಿಲ್ಲಿನವರು ಇನ್ನೂ ಹಾಗೇ ಇದ್ದಾರೆ. ಈಗ ತಂದ್ರೆ ಸಾಯುತ್ತೆ."

"ಸಾಯಲಿ ಬಿಡೋ. ಸಾಯೋದನ್ನಾದ್ರೂ ನೋಡ್ತೀನಿ."

"ಏಟು ಬಿದ್ರೆ ಯಾರು ಬಣ್ಣ ಹಚ್ತಾರೆ ಅಕ್ಕ?" ಎಂದುಬಿಟ್ಟ. ಅಂದ ಮೇಲೆ ಅವನಿಗೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು.

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಅದಕ್ಕೇ ಹೇಳಿದ್ದು, ಈಗಲೇ ಅಂತ" ಎಂದರು.

ಬೇಕರಿಯವನು ಎಲ್ಲರನ್ನೂ ಪಾರು ಮಾಡುವವನ ಹಾಗೆ, "ಅಳಿಯಂದಿರ ನಿದ್ದೆ ಕೆಡಿಸ್ಬೇಡಿ ಅಕ್ಕ, ಎದ್ದರೆ ಬನ್ನು ಕೇಳ್ತಾರೆ. ಬೇಯಿಸಿ ಹಾಕೋನು ನಾನು" ಎಂದ. ಅಕ್ಕ ನಕ್ಕರು. ನಕ್ಕು ಮೇಜಿನತ್ತ ಸ್ವಲ್ಪ ಬಗ್ಗಿ ಹೇಳಿದರು: "ನನಗೆ ನಿಮ್ಮ ಆಟ ಬರಲ್ಲ. ಆದ್ರೂ ಒಂದು ಮಾತು ಪುಟ್ಟ. ಅಷ್ಟು ಭಯಂಕರವಾದ್ದು ಎದ್ದು ನಿಂತ್ರೆ ಎಲ್ಲರ ಕಣ್ಣೂ ಅದರ ಮೇಲೇ ಹೋಗುತ್ತಲ್ಲ? ಅಷ್ಟರಲ್ಲಿ ನಿನ್ನ ಚಿಕ್ಕವರು ತಮ್ಮ ಕೆಲಸ ಮುಗಿಸಲಿ. ಬಚ್ಚಿಟ್ಟ ಮೇಲೆ ಅದನ್ನ ಯಾರು ನೋಡ್ತಾರೆ, ಯಾರು ಹೆದರ್ತಾರೆ?"

ನಾನು "ಅದನ್ನೇ ನಾನೂ ಹೇಳಿದ್ದು" ಎಂದೆ. ಹೇಳಿರಲಿಲ್ಲ.

ಹೀಗೆ ಭಾನುವಾರಗಳು ಹೋದವು. ಅಕ್ಕ ಬಂದು ಕೂರುವರು, ಅಳಿಯ ಗುಡ್ಡದ ಹಿಂದೆ ನಿಲ್ಲುವನು, ತಮ್ಮ ತಡಿ ಎನ್ನುವನು. ಅವನಿಗೂ ಆಸೆ ಇತ್ತು, ಅದನ್ನೂ ಹೇಳಬೇಕು. ಅಕ್ಕ ನೋಡುವ ಆಟ ಎಂದ ಮೇಲೆ ಅದು ಕೊರತೆಯಿಲ್ಲದ ಆಟವಾಗಬೇಕು, ಮೃಗ ಗೆಲ್ಲಬೇಕು, ಮೈಗೆ ಗೀರು ಬೀಳಬಾರದು, ಆಮೇಲೂ ಅಕ್ಕ ಅದನ್ನು ಎದುರಿಗಿಟ್ಟುಕೊಂಡು ನೋಡುವಂತಿರಬೇಕು. ಉರಿ ಹೆಚ್ಚಿಸದೆ ಬೇಯಿಸುವವನಿಗೆ ಹೊಳೆಯುವುದು ಹೀಗೆಯೇ. ಗುಳ್ಳೆ ಏಳಬಾರದು ಅಷ್ಟೇ ಅವನ ಚಿಂತೆ. ಈ ಡಬ್ಬಿಯಲ್ಲಿ ನೀರೇ ಆರಿಹೋಗುತ್ತಿದೆ ಎಂಬುದು ಅವನಿಗೆ ಕಾಣಲಿಲ್ಲ.

ಒಂದು ಬೆಳಗ್ಗೆ ಅಕ್ಕ ಕಿಟಕಿಯ ಬಳಿ ಕೂತು ಬಣ್ಣ ಹೋಲಿಸಿ ನೋಡುವ ಮಾದರಿ ಹಲ್ಲುಗಳ ಪಟ್ಟಿಯನ್ನು ತಮ್ಮನ ಕೈಗೆ ಕೊಟ್ಟರು. "ಇನ್ನು ನೀನೇ ನೋಡ್ಕೋ ಪುಟ್ಟ" ಎಂದರು. ಅವನು ಅವರ ಮುಖ ನೋಡಿದ. ಅವರು ಅವನ ಕಿವಿಯ ಕಡೆ ನೋಡುತ್ತಿದ್ದರು.

"ನಿನ್ನ ಮುಖ ನೋಡೋಕೆ ಹೋದ್ರೆ ನಿನ್ನ ಮುಖ ಇರಲ್ಲ. ಕಿಟಕಿ ನೋಡಿದ್ರೆ ಕಿಟಕಿ ಇರಲ್ಲ. ಸುತ್ತ ಎಲ್ಲ ಇದೆ ಕಣೋ. ನಾನು ಯಾವುದನ್ನ ನೋಡ್ತೀನೋ ಅದೊಂದು ಇರಲ್ಲ."

ಆ ಭಾನುವಾರ ಅವರಿಬ್ಬರೂ ಬರಲಾರರು ಎಂದುಕೊಂಡಿದ್ದೆವು. ಬಂದರು. ತಡಿಯಣ್ಣ ಅಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ, ಅಳಿಯನನ್ನು ಬಟ್ಟೆಯಿಂದ ಬಿಚ್ಚಿ, ನೇರವಾಗಿ ಬಯಲಿನಲ್ಲಿ ನಿಲ್ಲಿಸಿದ. ಗುಡ್ಡದ ಹಿಂದಲ್ಲ, ಪಕ್ಕದಲ್ಲೂ ಅಲ್ಲ. ಎದುರಿಗೆ ನಿಂತಿದ್ದ ಬೇಕರಿಯವನ ಕೈಯಲ್ಲಿ ದಾಳ ಹಾಗೇ ಉಳಿಯಿತು.

"ಅಕ್ಕ, ಹೊರಗೆ ಬಂತು" ಎಂದ ತಡಿಯಣ್ಣ. "ಎಡಗಡೆ, ಹೊಳೆಯಿಂದ ಈಚೆ. ಇವನ ಬಿಲ್ಲಿನವರೆಲ್ಲ ಅದರ ಕಡೆ ತಿರುಗ್ತಾ ಇದ್ದಾರೆ."

ಅಕ್ಕ ಮೃಗವನ್ನು ನೋಡಿದರು, ಅದು ಹೋಯಿತು. ಕಣ್ಣನ್ನು ಗುಡ್ಡಕ್ಕೆ ಸರಿಸಿದರು, ಅಂಚಿನಲ್ಲಿ ಏನೋ ಕಪ್ಪಗೆ ಕಂಡಿರಬೇಕು, ತಟ್ಟನೆ ಅತ್ತ ತಿರುಗಿದರು, ಮತ್ತೆ ಹೋಯಿತು. ಹೀಗೇ ಸ್ವಲ್ಪ ಹೊತ್ತು, ಕೈಗೆ ಸಿಗದ ಕೋಳಿಮರಿಯನ್ನು ಹಿಡಿಯುವವರ ಹಾಗೆ, ಆಮೇಲೆ ಕಣ್ಣು ಮುಚ್ಚಿಕೊಂಡರು. "ಹೇಳು ಪುಟ್ಟ" ಎಂದರು.

ಅವನು ಹೇಳಿದ. ವರ್ಷಕ್ಕೆ ಹತ್ತು ಮಾತಾಡುವವನು ಆವತ್ತು ಬಾಯಿ ಮುಚ್ಚಲಿಲ್ಲ. ಆಡುತ್ತಲೇ ಹೇಳಿದ, ಹೇಳುತ್ತಲೇ ಆಡಿದ. ಮೃಗ ಎಡಗಡೆ ಎದೆಯುಬ್ಬಿಸಿ ನಿಂತು ಬಾಣವನ್ನೆಲ್ಲ ತನ್ನ ಮೇಲೆ ಕರೆದುಕೊಂಡಿತು. ಅಷ್ಟರಲ್ಲಿ ಬಲಗಡೆ ಅವನ ಬಡಪಾಯಿ ಕಾಲಾಳುಗಳು, ಇಷ್ಟು ದಿನ ಸಾಯುವುದೊಂದನ್ನೇ ಕಲಿತವರು, ಹುಲ್ಲಿನ ಮರೆಯಲ್ಲಿ ಸೇತುವೆಯ ಕಡೆ ಸಾಗಿದರು. ಬೇಕರಿಯವನು ಅದನ್ನು ಕಾಣುವ ಹೊತ್ತಿಗೆ ಮೃಗ ಬಿಲ್ಲುಗಾರರ ಪಕ್ಕೆಗೆ ನುಗ್ಗಿತ್ತು. ಬಿಲ್ಲುಗಾರರು ಗುಂಪು ಗುಂಪಾಗಿ ಪೆಟ್ಟಿಗೆ ಸೇರಿದರು. ಬೇಕರಿಯವನು ಸೇತುವೆ ಕಾಯುತ್ತಿದ್ದ ಈಟಿಯವರನ್ನೇ ಮೃಗದ ಮೇಲೆ ತಿರುಗಿಸಬೇಕಾಯಿತು. ಅವರು ಅದನ್ನು ಮುತ್ತಿಕೊಂಡರು. ಸೇತುವೆ ಬರಿದಾಯಿತು.

"ಈಗ ಎಲ್ಲಿದೆ?"

"ನಡುವೆ ಇದೆ ಅಕ್ಕ. ಸುತ್ತ ಈಟಿಯವರು. ಬಿಡ್ತಾ ಇಲ್ಲ."

"ಅಗೀತಾ ಇದೆಯಾ?"

"ಅಗೀತಾ ಇದೆ."

ಬೇಕರಿಯವನು ದಾಳ ಉರುಳಿಸಿದ. ಆರು ಬಿದ್ದರೆ ಮೃಗ ಸಾಯುವುದಿತ್ತು. ಆರೇ ಬಿತ್ತು. ಅವನು ಸರಕ್ಕನೆ ಅಂಗೈಯಿಂದ ದಾಳ ಮುಚ್ಚಿ, "ಥೂ, ತಪ್ಪಿತು" ಎಂದ. ಇಪ್ಪತ್ತು ವರ್ಷದಲ್ಲಿ ಒಂದು ಅಂಗುಲವನ್ನೂ ಯಾರಿಗೂ ಬಿಟ್ಟುಕೊಡದವನು. ನಾನು ಚಾವಣಿ ನೋಡಿದೆ.

ತಡಿಯಣ್ಣ ಅವನ ಕೈಯನ್ನು ಮೆಲ್ಲಗೆ ಎತ್ತಿದ. "ಆರು ಬಿದ್ದಿದೆ."

"ಇರ್ಲಿ ಬಿಡೋ."

"ಬೇಡ. ಅಕ್ಕ ಕೇಳ್ತಾ ಕೂತಿದಾಳೆ. ನಿಜವಾದ್ದನ್ನೇ ಆಡು." ಅಕ್ಕನ ಕಡೆ ತಿರುಗಿ, "ಬಿತ್ತು ಅಕ್ಕ" ಎಂದ.

ಕಟ್ಟಳೆಯಂತೆ ತಾನೇ ಎತ್ತಿದ. ಅರದಿಂದ ಕೂದಲೆಳೆಯಷ್ಟು ತಿದ್ದುವ ಕೈ ಆವತ್ತು ಅಳತೆ ತಪ್ಪಿತು. ಮೃಗದ ಹೆಗಲು ಸೇತುವೆಯ ಕಂಬಕ್ಕೆ ತಗುಲಿ ಟಕ್ಕೆಂದಿತು. ಮಳೆ ಮೋಡದ ಬಣ್ಣದ ನಡುವೆ ಒಂದು ಹುರುಪೆಯಷ್ಟು ಗುಲಾಬಿ ಕಂಡಿತು. ಅವನು ಅದನ್ನು ಪೆಟ್ಟಿಗೆಗೆ ಹಾಕದೆ ಅಕ್ಕನ ಕೈಗೆ ಕೊಟ್ಟ.

ಅಕ್ಕ ಕೊಂಬು ಸವರಿದರು, ಬೆನ್ನು ಸವರಿದರು. ಹೆಬ್ಬೆರಳು ಹೆಗಲಿನ ಮೇಲೆ ನಿಂತಿತು.

"ಇಲ್ಲಿ ಹೋಗಿದೆ."

"ಹೂಂ."

"ಗುಲಾಬಿ ಕಾಣ್ತಿದೆಯಾ?"

"ಹೂಂ ಅಕ್ಕ."

"ಇರ್ಲಿ. ಯಾರ ಕೈಲೂ ಬಣ್ಣ ಹಚ್ಚಿಸ್ಬೇಡ. ಇದೂ ಒಂದಿನ ಹೊರಗೆ ಹೋಗಿತ್ತು ಅಂತ ಗೊತ್ತಾಗ್ಲಿ." ಆಮೇಲೆ, "ನಾವು ಗೆದ್ವಾ?" ಎಂದು ಕೇಳಿದರು.

ಸೇತುವೆಯ ಮೇಲೆ ತಡಿಯಣ್ಣನ ಕಾಲಾಳುಗಳು ನಿಂತಿದ್ದರು. ಆ ಕೋಣೆಯಲ್ಲಿ ಅವನು ಮೊದಲ ಸಲ ಗೆದ್ದಿದ್ದ. ನಮಗೆ ಯಾರಿಗೂ ಚಪ್ಪಾಳೆ ತಟ್ಟಲು ಹೊಳೆಯಲಿಲ್ಲ.

ಬೇಕರಿಯವನು ಅಕ್ಕನ ಕೈ ಹಿಡಿದು ಹೊರಗೆ ಜಗಲಿಗೆ ಕರೆದೊಯ್ದ. ತಡಿಯಣ್ಣ ಒಬ್ಬನೇ ಗೊಂಬೆಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. ನನಗೆ ಸುಮ್ಮನಿರಲಾಗುವುದಿಲ್ಲ, ಅದೊಂದು ರೋಗ. ಅವನ ಬೆನ್ನು ತಟ್ಟಿ, "ಅಂತೂ ನನ್ನ ಪಾಠ ವ್ಯರ್ಥ ಆಗ್ಲಿಲ್ಲ ಕಣಯ್ಯ. ಎಂಥಾ ಆಟ ಆಡಿದೆ ಇವತ್ತು. ನೋಡೋಕೆ ಎರಡು ಕಣ್ಣು ಸಾಲದು" ಎಂದೆ.

ಅವನು ಕೊನೆಯ ಗಂಟು ಬಿಗಿದು ನನ್ನ ಕಡೆ ತಿರುಗಿದ.

"ಎರಡು ಸಾಕಿತ್ತು ಅಣ್ಣಾ. ಇದ್ದಾಗ ನಾನೇ ತಡಿ ಅಂದೆ."